‘ಎಡಿಎ ನಾರ್ಮಲ್ ಉಂಟಲ್ಲ, ಮೇಡಂ?’

ನಾನು ನಿವೃತ್ತಳಾದ ಮೇಲೆ ಮಿಜಾರಿನ ಕಡೆ ಲ್ಯಾಬ್ ಕೋರ್ಸ್ ಓದುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಒಂದೇ: “ಮೇಡಂ, ಯಾವ ಮೆಷಿನ್ ಕಲಿತರೆ ಬೇಗ ಕೆಲಸ ಸಿಗ್ತದೆ?” ಮೆಷಿನನ್ನು ಕಂಪೆನಿಯವರೇ ಬಂದು ಅರ್ಧ ದಿನದಲ್ಲಿ ಕಲಿಸಿ ಹೋಗುತ್ತಾರೆ. ಅದು ಕೊಟ್ಟ ಅಂಕೆಯನ್ನು ನಂಬಬಾರದ ದಿನ ಯಾವುದು ಎಂದು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು. ಹಾಗೆಂದರೆ ಅವರು ಸಭ್ಯವಾಗಿ ನಕ್ಕು, ಚಹಾ ಕುಡಿದು ಹೋಗುತ್ತಾರೆ. ಹೇಳಿದರೆ ಕೇಳದವರು ಬರೆದರೆ ಓದಿಯಾರು ಎಂಬ ಆಸೆಯಿಂದ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಪೆಥಾಲಜಿ ಓದಿದ ಡಾಕ್ಟರು. ಅಂದರೆ ರೋಗಿಯ ನಾಡಿ ಹಿಡಿಯುವವಳಲ್ಲ. ಅವನ ರಕ್ತ, ಮೂತ್ರ, ಕಫಗಳ ಸಂಸಾರ ನೋಡುವವಳು. ಮನೆ ಮೂಡುಬಿದಿರೆಯಲ್ಲಿ. ವಾರದಲ್ಲಿ ಕೆಲವು ದಿನ ಅಲ್ಲಿಯದೇ ಒಂದು ಲ್ಯಾಬು, ಕೆಲವು ದಿನ ಬಂಟ್ವಾಳ, ಉಳಿದ ದಿನ ಬೆಳ್ತಂಗಡಿಗೆ ಹೋಗುವ ದಾರಿಯ ಗುರುವಾಯನಕೆರೆ. ಬಂಟ್ವಾಳ, ಗುರುವಾಯನಕೆರೆಗಳ ಲ್ಯಾಬುಗಳೆರಡೂ ದೇಜಪ್ಪಣ್ಣನವು. ಈ ಮನುಷ್ಯ ಗಲ್ಫಿನಿಂದ ವಾಪಸಾದಾಗ ಬೇಕರಿ ಹಾಕುವುದೆಂದಿದ್ದನಂತೆ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದ ಕಾರಣವನ್ನು ಅವನೇ ಹೇಳಿದ್ದ: “ಬೇಕರಿಯಲ್ಲಿ ಉಳಿದ ಬನ್ನು ಹಾಳಾಗ್ತದೆ ಮೇಡಂ. ಲ್ಯಾಬಿನಲ್ಲಿ ಹಾಗಲ್ಲ, ಸಾಮಾನನ್ನು ಜನರೇ ತಂದುಕೊಡ್ತಾರೆ.”

ನಾನು ಕೆಲಸಕ್ಕೆ ಸೇರಿದ ದಿನ ಅವನು ನನ್ನ ಕುರ್ಚಿಯನ್ನು ಫ್ಯಾನಿನ ನೇರ ಕೆಳಗೆ ಎಳೆದು ಹಾಕಿ, “ನೀವು ಬಂದು ಸಹಿ ಹಾಕಿದ್ರೆ ಸಾಕು, ಉಳಿದದ್ದು ನಾವು ನೋಡಿಕೊಳ್ತೇವೆ” ಎಂದ. ಉಳಿದದ್ದು ಎಂದರೆ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಫಲಿತಾಂಶ ಬರೆಯುವುದು. ಮಕ್ಕಳೇ, ನೀವು ನಾಳೆ ಸೇರಲಿರುವ ಎಷ್ಟೋ ಲ್ಯಾಬುಗಳಲ್ಲಿ ಪೆಥಾಲಜಿಸ್ಟ್ ಎಂದರೆ ಸೀಲಿನ ಜತೆ ಡ್ರಾಯರಿನಲ್ಲಿ ಇಡುವ ಇನ್ನೊಂದು ಸಾಮಾನು. ಅವಳು ಡ್ರಾಯರಿನಿಂದ ಹೊರಗೆ ಬಂದರೆ ಎಲ್ಲರಿಗೂ ಮುಜುಗರ.

ನನ್ನ ಕಾಲದಲ್ಲಿ ಒಂದೊಂದು ಮಳೆಗಾಲಕ್ಕೆ ಒಂದೊಂದು ಪರೀಕ್ಷೆ ಫ್ಯಾಶನ್ ಆಗುತ್ತಿತ್ತು. ಹಾಗೆ ಒಮ್ಮೆ ಎಡಿಎ ಬಂತು. ಪೂರ್ತಿ ಹೆಸರು ಅಡೆನೋಸಿನ್ ಡಿಅಮಿನೇಸ್. ಅದೊಂದು ಕಿಣ್ವ, ನಮ್ಮ ಜೀವಕೋಶಗಳೊಳಗೆ ಕುಳಿತು ಬೇಡದ ವಸ್ತುವೊಂದನ್ನು ಒಡೆದು ಹೊರಗೆ ಹಾಕುವ ಜಾಡಮಾಲಿ. ಎದೆಗೂಡಿನಲ್ಲಿ ನೀರು ತುಂಬಿದ ರೋಗಿಯ ಆ ನೀರಿನಲ್ಲಿ ಈ ಕಿಣ್ವ ಏರಿದ್ದರೆ ಕ್ಷಯ ಇರಬಹುದು ಎಂದು ಸಂಶಯ ಪಡಬಹುದು. ಇಷ್ಟು ಸರಿ. ಆದರೆ ಎದೆಯಿಂದ ನೀರು ತೆಗೆಯಲು ಧೈರ್ಯ ಬೇಕು, ತೋಳಿನಿಂದ ರಕ್ತ ತೆಗೆಯಲು ಸೂಜಿ ಸಾಕು. ಆದ್ದರಿಂದ ಕೆಮ್ಮಿದವರ, ಸೀನಿದವರ, ಹೆಂಡತಿಯೊಡನೆ ಜಗಳವಾಡಿ ಊಟ ಬಿಟ್ಟು ಸೊರಗಿದವರ ರಕ್ತವನ್ನೆಲ್ಲ ಡಾಕ್ಟರುಗಳು ಎಡಿಎಗೆ ಕಳಿಸತೊಡಗಿದರು. ರಕ್ತದ ಎಡಿಎ ನೋಡಿ ಕ್ಷಯ ಹೇಳುವುದೂ ಹಲ್ಲಿ ಲೊಚಗುಟ್ಟಿದ್ದು ಕೇಳಿ ಹೇಳುವುದೂ ಹೆಚ್ಚುಕಡಿಮೆ ಒಂದೇ ಎಂದು ನಾನು ವರದಿಯ ಕೆಳಗೆ ತಕ್ಕ ಭಾಷೆಯಲ್ಲಿ ಬರೆಯುತ್ತಿದ್ದೆ. ದೇಜಪ್ಪಣ್ಣ ಆ ಸಾಲಿನ ಅಕ್ಷರವನ್ನು ಚಿಕ್ಕದು ಮಾಡಿಸುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಬಂಟ್ವಾಳಕ್ಕೆ ಬಂಟ್ವಾಳವೇ ಕ್ಷಯಕ್ಕೆ ತುತ್ತಾಯಿತು. ಯಾರ ರಕ್ತ ನೋಡಿದರೂ ಎಡಿಎ ಏರಿಕೆ. ದೇಜಪ್ಪಣ್ಣ ಖುಷಿಯಲ್ಲಿದ್ದ, ತನ್ನ ಮಾವನ ರಕ್ತ ಬರುವವರೆಗೆ. ಕಲ್ಲು ತಿಂದು ಕರಗಿಸುವ ಆಸಾಮಿ ಆ ಮಾವ. ಸುಮ್ಮನೆ ಒಂದು ಚೆಕಪ್ಪಿಗೆಂದು ಅಳಿಯನ ಲ್ಯಾಬಿಗೆ ಬಂದಿದ್ದರು. ಅವರ ಎಡಿಎ ಎಲ್ಲರಿಗಿಂತ ಮೇಲೆ. ಸಂಜೆಯೊಳಗೆ ಮನೆಯಲ್ಲಿ ಅವರ ಬಟ್ಟಲು, ಲೋಟ ಬೇರೆಯಾದವು. ಮುದುಕರು ಜಗಲಿಯಿಂದಲೇ ಅಳಿಯನನ್ನು ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮರುದಿನ ನಾನು ನಮ್ಮ ಟೆಕ್ನಿಷಿಯನ್ ಸೆಲಿನ್‌ಳನ್ನು ಕರೆದು, “ರಕ್ತ ಬೇಡ, ಬರೀ ಭಟ್ಟಿ ಇಳಿಸಿದ ನೀರು ಹಾಕಿ ನೋಡುವ” ಎಂದೆ. ಅವಳು ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

“ಮೇಡಂ, ನೀರಿಗೂ ಟಿಬಿ ಉಂಟು!”

ಕಾರಣ ಕಿಟಕಿಯಲ್ಲಿತ್ತು. ಆಗಿನ ಹಳೆಯ ವಿಧಾನದಲ್ಲಿ ಆ ಕಿಣ್ವ ಎಷ್ಟು ಅಮೋನಿಯಾ ಬಿಡುಗಡೆ ಮಾಡಿತು ಎಂಬುದನ್ನು ಬಣ್ಣದಿಂದ ಅಳೆಯುತ್ತಿದ್ದೆವು. ಏಸಿ ಕೆಟ್ಟು ಸೆಲಿನ್ ಕಿಟಕಿ ತೆರೆದಿದ್ದಳು. ಕಿಟಕಿಯ ಹೊರಗೆ ಒಂದು ಗೋಡೆ. ಬಸ್ಸು ಕಾಯುವ ಊರಿನ ಸಮಸ್ತ ಗಂಡಸರೂ ಆ ಗೋಡೆಯ ಬುಡಕ್ಕೆ ಬಂದು ಹಗುರಾಗಿ ಹೋಗುತ್ತಿದ್ದರು. ನಾವು ಅಳೆಯುತ್ತಿದ್ದದ್ದು ರೋಗಿಯ ಕಿಣ್ವವನ್ನಲ್ಲ, ಆ ಗೋಡೆಯ ಗಾಳಿಯನ್ನು. ಕಿಟಕಿ ಮುಚ್ಚಿ, ಆ ವಾರಗಳಲ್ಲಿ ವರದಿ ಒಯ್ದವರನ್ನೆಲ್ಲ ಮತ್ತೆ ಕರೆಸಿ ಪರೀಕ್ಷೆ ಮಾಡಿ ಎಂದೆ. ದೇಜಪ್ಪಣ್ಣ ಮೊದಲು ಮಾಡಿದ್ದು ಗೋಡೆಗೆ ಎಲ್ಲ ಧರ್ಮದ ದೇವರ ಟೈಲ್ಸ್ ಅಂಟಿಸಿದ್ದು. ಗಂಡಸರು ಭಕ್ತಿಯಿಂದ ನಾಲ್ಕು ಹೆಜ್ಜೆ ಆಚೆ ಸರಿದು ನಿಂತರು. ಎಡಿಎ ಸ್ವಲ್ಪ ಇಳಿಯಿತು. ಜನರನ್ನು ಕರೆಸುವ ಕೆಲಸ ನಾನು ಸಹಿ ಹಾಕುವುದಿಲ್ಲವೆಂದು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡ ಮೇಲೆಯೇ ನಡೆದದ್ದು.

ಇದು ನಗುವ ಕಥೆ. ಇದೇ ಪರೀಕ್ಷೆಯ ಇನ್ನೊಂದು ಕಥೆಯಲ್ಲಿ ನನಗೆ ಅಷ್ಟು ನಗು ಬರಲಿಲ್ಲ.

ಗುರುವಾಯನಕೆರೆಯ ಲ್ಯಾಬಿನ ಹತ್ತಿರ ರವಿರಾಜ ಡಾಕ್ಟರರ ನರ್ಸಿಂಗ್ ಹೋಮ್ ಇತ್ತು. ಅಲ್ಲಿಗೆ ಪ್ರಮೀಳಾ ಎಂಬ ಹೆಂಗಸು ಕೈಕೂಸನ್ನು ಎತ್ತಿಕೊಂಡು ಮತ್ತೆ ಮತ್ತೆ ಬರುತ್ತಿದ್ದಳು. ಗಂಡು ಮಗು. ಬಾಯಿಯೊಳಗೆ ಅಗ್ರವೆಂಬ ಬಿಳಿ ಪೊರೆ, ನಿಲ್ಲದ ಭೇದಿ, ಕೆಮ್ಮು. ಹುಟ್ಟಿದಾಗ ಎಲ್ಲ ಮಕ್ಕಳಿಗೂ ಎಡತೋಳಿಗೆ ಕೊಡುವ ಬಿಸಿಜಿ ಚುಚ್ಚುಮದ್ದಿನ ಜಾಗ ಈ ಮಗುವಿಗೆ ಮಾಯದೆ, ಕಂಕುಳಲ್ಲಿ ಗೆಡ್ಡೆಯಾಗಿತ್ತು. ಅವಳ ಗಂಡ ಸುಧೀರ ಗಲ್ಫಿನಲ್ಲಿ ಹೋಟೆಲೊಂದರ ಮ್ಯಾನೇಜರು. ಜತೆಗೆ ಬರುತ್ತಿದ್ದದ್ದು ಅತ್ತೆ ಕಮಲಕ್ಕ. ಈ ಕಮಲಕ್ಕನದು ಕಾಯಿಲೆಗಿಂತ ಮೊದಲೇ ಒಳಗೆ ಬರುವ ಸ್ವರ. ದೊಡ್ಡ ಹುಡುಗಿಯೊಬ್ಬಳಿದ್ದಳು, ಗಟ್ಟಿಮುಟ್ಟು. ಅವಳ ನಂತರ ಹುಟ್ಟಿದ ಒಂದು ಗಂಡು ಹೀಗೇ ಕೆಮ್ಮಿ ಕೆಮ್ಮಿ ತೀರಿಕೊಂಡಿತ್ತು. ಕಮಲಕ್ಕ ಇದನ್ನು ಕಾಯುವ ಬೆಂಚಿನಲ್ಲಿ ಕುಳಿತವರಿಗೆಲ್ಲ ಹೇಳುತ್ತಿದ್ದಳು, ಪ್ರಮೀಳಾ ಪಕ್ಕದಲ್ಲೇ ಇರುವಾಗ.

ರವಿರಾಜ ಡಾಕ್ಟರು ಕಂಕುಳ ಗೆಡ್ಡೆ ನೋಡಿ ಕ್ಷಯವೆಂದು ಸಂಶಯಪಟ್ಟು ಎಡಿಎ ಬರೆದರು. ಸೆಲಿನ್ ಆಗ ಗುರುವಾಯನಕೆರೆಗೆ ಬಂದಿದ್ದಳು. ಹೊಸ ಮೆಷಿನ್ನೂ ಬಂದಿತ್ತು, ಗೋಡೆಯ ಗಾಳಿಯ ಭಯವಿರಲಿಲ್ಲ. ಫಲಿತಾಂಶ ನಾರ್ಮಲ್. ಅಷ್ಟರಲ್ಲಿ ವರದಿಗಳು ವಾಟ್ಸಾಪಿನಲ್ಲಿ ಹೋಗುವ ಕಾಲ ಬಂದಿತ್ತು. ಡಾಕ್ಟರಿಗಿಂತ ಮೊದಲು ಅದು ಗಲ್ಫಿಗೆ ಮುಟ್ಟಿತು. ಸುಧೀರ ಅಲ್ಲಿಂದಲೇ ಫೋನಿನಲ್ಲಿ ಹುಡುಕಿ, ಎಡಿಎ ಎಂದರೆ ರೋಗನಿರೋಧಕ ಶಕ್ತಿಯ ಪರೀಕ್ಷೆಯೆಂದು ಕಂಡುಕೊಂಡು ಮನೆಗೆ ಹೇಳಿದ: “ಇಮ್ಯೂನಿಟಿ ನಾರ್ಮಲ್ ಉಂಟಂತೆ, ಇನ್ನು ಹೆದರಿಕೆ ಇಲ್ಲ.” ಡಾಕ್ಟರಿಗೆ ಕ್ಷಯವಿಲ್ಲವೆಂದು ಸಮಾಧಾನ, ತಂದೆಗೆ ಮಗು ಬಲವಾಗಿದೆಯೆಂದು ಸಮಾಧಾನ. ಒಂದೇ ಅಂಕೆಯಿಂದ ಇಬ್ಬರು ಎರಡು ಸುಳ್ಳು ಸಮಾಧಾನ ಪಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ಮಗುವಿನ ಸಾಮಾನ್ಯ ರಕ್ತಕಣಗಳ ಎಣಿಕೆಯೂ ಸಹಿಗೆ ಬಂದಿತ್ತು. ಆ ಅಗ್ಗದ ಪರೀಕ್ಷೆಯನ್ನು ಯಾರೂ ಓದುವುದಿಲ್ಲ. ಹಿಮೋಗ್ಲೋಬಿನ್ ಸಾಲು ನೋಡಿ ಮಡಚಿ ಇಡುತ್ತಾರೆ. ಅದರಲ್ಲಿ ಲಿಂಫೋಸೈಟ್ ಎಂಬ ಬಿಳಿಕಣದ ಸಾಲು ನೋಡಿ ನಾನು ಪೆನ್ನು ಕೆಳಗಿಟ್ಟೆ. ಕೂಸುಗಳ ರಕ್ತದಲ್ಲಿ ಈ ಕಣ ದೊಡ್ಡವರಿಗಿಂತ ಹೆಚ್ಚಿರಬೇಕು, ಇಲ್ಲಿ ಸೊನ್ನೆಯ ಹತ್ತಿರವಿತ್ತು. ಸೆಲಿನ್, “ಮೆಷಿನ್ ಬ್ಲಾಕ್ ಆಗಿರ್ಬೇಕು ಮೇಡಂ, ಇನ್ನೊಮ್ಮೆ ಹಾಕಿದೆ, ಹಾಗೇ ಬಂತು” ಎಂದಳು. ಸ್ಲೈಡ್ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನಾನೇ ಹುಡುಕಿದೆ. ಬಂದ್ ದಿನ ಗುರುವಾಯನಕೆರೆ ಜಂಕ್ಷನಿನಲ್ಲಿ ಬಸ್ಸು ಹುಡುಕಿದ ಹಾಗಾಯಿತು. ಆ ಮಗುವಿನ ಒಳಗೆ ಕಾವಲಿಗೆ ಒಬ್ಬ ಸಿಪಾಯಿಯೂ ಇರಲಿಲ್ಲ.

ರವಿರಾಜ ಡಾಕ್ಟರಿಗೆ ಫೋನ್ ಮಾಡಿದೆ. “ಡಾಕ್ಟ್ರೇ, ಈ ಮಗುವಿಗೆ ಲಿಂಫೋಸೈಟೇ ಇಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಹಾಗೆ ಕಾಣ್ತದೆ.”

“ಎಡಿಎ ನಾರ್ಮಲ್ ಉಂಟಲ್ಲ, ಮೇಡಂ?”

“ಅದು ರಕ್ತದ ತಿಳಿನೀರಿನ ಎಡಿಎ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಹೆಸರು ಒಂದೇ ಅಲ್ವಾ?”

“ನಿಮ್ಮ ಹೆಸರಿನವರು ಬೆಳ್ತಂಗಡಿಯಲ್ಲಿ ಎಷ್ಟು ಜನ ಇದ್ದಾರೆ? ಎಲ್ಲರೂ ಡಾಕ್ಟರಾ?”

ಡಾಕ್ಟರು ಮಾತು ತಿರುಗಿಸಿ, “ಮಗು ಬಿಳಿಚಿದೆ ಮೇಡಂ, ಇವತ್ತು ರಕ್ತ ಕೊಡುವ ಅಂತ ಇದ್ದೇನೆ. ತಾಯಿಯ ಅಣ್ಣ ರಕ್ತ ಕೊಡ್ಲಿಕ್ಕೆ ಬಂದು ಕೂತಿದ್ದಾನೆ” ಎಂದರು. ನಾನು ಫೋನ್ ಇಟ್ಟು ಎದ್ದೆ. ಡ್ರಾಯರಿನ ಸಾಮಾನು ರಸ್ತೆ ದಾಟಿ ನರ್ಸಿಂಗ್ ಹೋಮಿಗೆ ಓಡುವುದನ್ನು ದೇಜಪ್ಪಣ್ಣ ಬಾಯಿ ತೆರೆದು ನೋಡಿದ.

ಇಲ್ಲಿ ಕಲಿಯುವವರಿಗೊಂದು ಮಾತು. ಹುಟ್ಟಿನಿಂದಲೇ ಈ ಕಿಣ್ವ ಇಲ್ಲದ ಕೆಲವು ಮಕ್ಕಳಿರುತ್ತಾರೆ. ಜಾಡಮಾಲಿ ಇಲ್ಲದ ಮನೆಯಲ್ಲಿ ಕೊಳೆ ತುಂಬಿ, ಆ ವಿಷಕ್ಕೆ ಮೊದಲು ಸಾಯುವುದೇ ಲಿಂಫೋಸೈಟುಗಳು. ಆ ಕೊರತೆಯನ್ನು ಕೆಂಪು ರಕ್ತಕಣದ ಒಳಗೆ ಹುಡುಕಬೇಕು. ತಿಳಿನೀರಿನಲ್ಲಿ ಇರುವುದು ಬಹುಪಾಲು ಅದರ ದಾಯಾದಿ ಕಿಣ್ವ, ಅದು ಈ ಮಕ್ಕಳಲ್ಲೂ ಇರುತ್ತದೆ. ಪರೀಕ್ಷೆಗೆ ಮೊದಲು ಮಗುವಿಗೆ ಬೇರೆಯವರ ರಕ್ತ ಕೊಟ್ಟರೆ ನಾವು ಅಳೆಯುವುದು ದಾನಿಯ ಕಿಣ್ವವನ್ನು. ಅದಕ್ಕಿಂತ ದೊಡ್ಡ ಅಪಾಯವೆಂದರೆ ದಾನಿಯ ಬಿಳಿಕಣಗಳು ಕಾವಲಿಲ್ಲದ ಆ ದೇಹವನ್ನು ಹೊಕ್ಕು ಅದನ್ನೇ ಹೊಡೆಯತೊಡಗುತ್ತವೆ. ಕೊಡಲೇಬೇಕಾದರೆ ವಿಕಿರಣ ಹಾಯಿಸಿದ ರಕ್ತವೇ ಆಗಬೇಕು. ಇದನ್ನೆಲ್ಲ ನಾನೂ ಎಂದೋ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ದೂರದ ನಗರದಲ್ಲಿ ಇಂಥ ಮಕ್ಕಳನ್ನೇ ನೋಡುವ ನನ್ನ ಸಹಪಾಠಿಯೊಬ್ಬಳನ್ನು ಫೋನಿನಲ್ಲಿ ಹಿಡಿದು, ಅವಳ ಸ್ವರವನ್ನು ಸ್ಪೀಕರಿನಲ್ಲಿ ರವಿರಾಜ ಡಾಕ್ಟರಿಗೂ ಕೇಳಿಸಿದೆ. ಡಾಕ್ಟರು ಒಳ್ಳೆಯವರು, ನಗರದಿಂದ ಬಂದ ಮಾತೆಂದರೆ ಕೂಡಲೇ ಒಪ್ಪುತ್ತಿದ್ದರು.

ಒಪ್ಪದಿದ್ದವಳು ಕಮಲಕ್ಕ. “ಮಗು ಸುಣ್ಣದ ಹಾಗೆ ಆಗಿದೆ, ರಕ್ತ ಕೊಡ್ಲಿಕ್ಕೆ ಜನ ಬಂದ್ರೆ ಬೇಡ ಅಂತಾರಲ್ಲ, ಇದು ಎಂಥ ಡಾಕ್ಟ್ರಮ್ಮ ಮಾರಾಯ್ರೆ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ಪ್ರಮೀಳಾ ಮಾತ್ರ ನನ್ನನ್ನು ನೋಡಿ, “ನೀವು ಹೇಳಿದ ಹಾಗೆ ಮಾಡಿ ಮೇಡಂ. ಮೊದಲಿನವನಿಗೆ ಎಲ್ಲರೂ ಹೇಳಿದ್ದು ಮಾಡಿ ಆಯ್ತು” ಎಂದಳು.

ರಕ್ತವನ್ನು ತಣ್ಣನೆಯ ಡಬ್ಬಿಯಲ್ಲಿಟ್ಟು ದೂರದ ದೊಡ್ಡ ಲ್ಯಾಬಿಗೆ ಕಳಿಸಬೇಕು. ಅದರ ಜತೆ ಆರೋಗ್ಯವಂತನೊಬ್ಬನ ರಕ್ತವೂ ಅದೇ ಡಬ್ಬಿಯಲ್ಲಿ ಹೋಗಬೇಕು. ದಾರಿಯಲ್ಲಿ ಬಿಸಿಲಿಗೆ ಕಿಣ್ವ ಸತ್ತರೆ ಇಬ್ಬರದ್ದೂ ಸಾಯುತ್ತದೆ. ಮಗುವಿನದು ಮಾತ್ರ ಇಲ್ಲದಿದ್ದರೆ ಅದು ದಾರಿಯ ತಪ್ಪಲ್ಲ. ಆರೋಗ್ಯವಂತ ಎಂದು ನಾನು ದೇಜಪ್ಪಣ್ಣನನ್ನು ಹಿಡಿದೆ. ಊರಿನ ರಕ್ತದಲ್ಲಿ ಬದುಕಿದ ಆ ಮನುಷ್ಯ ತನ್ನ ತೋಳಿಗೆ ಸೂಜಿ ಬಂದಾಗ ಕಣ್ಣು ಮುಚ್ಚಿ ದೈವಗಳ ಹೆಸರು ಹೇಳತೊಡಗಿದ. “ಮೇಡಂ, ನನ್ನಲ್ಲಿ ಎಂತಾದ್ರೂ ಸಿಕ್ಕಿದ್ರೆ ಮನೆಯಲ್ಲಿ ಹೇಳ್ಬೇಡಿ” ಎಂದು ಗುಟ್ಟಿನಲ್ಲಿ ಬೇಡಿಕೊಂಡ.

ಫಲಿತಾಂಶ ಬಂದಾಗ ದೇಜಪ್ಪಣ್ಣನ ಕಿಣ್ವ ಗಡದ್ದಾಗಿತ್ತು. ಅದನ್ನವನು ಬಂದವರಿಗೆಲ್ಲ ಮೆಡಲಿನಂತೆ ಹೇಳಿಕೊಂಡು ತಿರುಗಿದ. ಮಗುವಿನದು ಇಲ್ಲವೆನ್ನುವಷ್ಟು ಕಡಿಮೆ.

ರವಿರಾಜ ಡಾಕ್ಟರು ಅರ್ಧ ಸರಿಯಿದ್ದರು ಎನ್ನಬೇಕು. ಬಿಸಿಜಿಯ ಜೀವಂತ ರೋಗಾಣು ಕಾವಲಿಲ್ಲದ ಮಗುವಿನಲ್ಲಿ ನಿಜವಾಗಿಯೂ ಹರಡಿತ್ತು. ಅದಕ್ಕೂ ಔಷಧ ಬೇಕಾಯಿತು. ಆದರೆ ಬದುಕಬೇಕಾದರೆ ಅಸ್ಥಿಮಜ್ಜೆ ಬದಲಾಗಬೇಕು, ಅಕ್ಕನದು ಹೊಂದಿದರೆ ಭಾಗ್ಯ ಎಂದಳು ನನ್ನ ಸಹಪಾಠಿ. ಜತೆಗೆ ತಂದೆ ತಾಯಿಯರ ರಕ್ತದ ಕಿಣ್ವವನ್ನೂ ನೋಡಬೇಕೆಂದಳು.

ಅಲ್ಲಿಂದ ಯುದ್ಧ ಶುರುವಾಯಿತು. ತುಳುನಾಡಿನ ಈ ಮನೆತನಗಳಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು. ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಹರಿದು ಬರುವ ಗೋತ್ರದಂಥದ್ದು. ಕಮಲಕ್ಕ ಇದನ್ನೇ ಹಿಡಿದಳು. “ಮಗು ಅವಳ ಬಳಿ. ಹಾಗಾದ್ರೆ ದೋಷವೂ ಅವಳ ಬಳಿಯದ್ದೇ ಅಲ್ವಾ? ನನ್ನ ಮಗನಿಗೆ ಎಂತಾಗಿದೆ? ಮೂಟೆ ಹೊರುವ ಹಾಗೆ ಇದ್ದಾನೆ. ಅವನ ರಕ್ತ ಯಾಕೆ?” ಕಾನೂನು, ಆಸ್ತಿ, ಜಾತಕಗಳಲ್ಲಿ ನಡೆಯುವ ಲೆಕ್ಕ ಕಿಣ್ವದಲ್ಲೂ ನಡೆಯುತ್ತದೆ ಎಂದು ಅವಳು ನಂಬಿದ್ದಳು. ಅವಳನ್ನು ಮಾತ್ರ ಏಕೆ ಅನ್ನಲಿ? ಎಂಬಿಬಿಎಸ್ ಮಾಡಿದ ಅವಳ ಸಂಬಂಧಿಕನೊಬ್ಬನೂ ಫೋನ್ ಮಾಡಿ, “ತಾಯಿಯದ್ದು ಮೊದಲು ನೋಡಿ, ಸಾಕಾಗಬಹುದು” ಎಂದ.

ಸುಧೀರ ರಜೆ ಹಾಕಿ ಬಂದ. ಮೆತ್ತಗಿನ ಮನುಷ್ಯ. ಲ್ಯಾಬಿನಲ್ಲಿ ತಾಯಿ ಒಂದು ಬದಿ, ಹೆಂಡತಿ ಒಂದು ಬದಿ ನಿಂತಿರುವಾಗ ಯಾರ ಮುಖವನ್ನೂ ನೋಡದೆ ಅಂಗಿಯ ತೋಳು ಮಡಚಿದ. ಕೆಲವು ದಿನ ಬಿಟ್ಟು ವರದಿ ಬಂದಾಗ ಮೂವರನ್ನೂ ಕೂರಿಸಿಕೊಂಡು ಹೇಳಿದೆ.

“ಪ್ರಮೀಳಾನದ್ದು ಇರಬೇಕಾದದ್ದರ ಸುಮಾರು ಅರ್ಧ ಉಂಟು.”

ಕಮಲಕ್ಕ ಬೆನ್ನು ನೆಟ್ಟಗೆ ಮಾಡಿದಳು. “ನಾನು ಹೇಳಿದ್ದು ಸುಳ್ಳಾ?”

“ಸುಧೀರನದ್ದೂ ಅರ್ಧವೇ. ಇಬ್ಬರಿಂದಲೂ ಒಂದೊಂದು ಪಾಲು ಕೆಟ್ಟದ್ದು ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ. ಒಬ್ಬರಿಂದ ಮಾತ್ರ ಬಂದಿದ್ದರೆ ಮಗು ನಿಮ್ಮ ಮಗನ ಹಾಗೆ ಮೂಟೆ ಹೊರುತ್ತಿತ್ತು.”

ಸುಧೀರ ಮೊದಲ ಬಾರಿ ಹೆಂಡತಿಯ ಕಡೆ ತಿರುಗಿ ಅವಳ ಕೈ ಹಿಡಿದ. ಎಲ್ಲರೆದುರು, ಅದೂ ತಾಯಿಯೆದುರು. ಕಮಲಕ್ಕ, “ಅವನಿಗೆ ಎಲ್ಲಿಂದ ಬಂತು ಅದು?” ಎಂದು ಕೇಳಿದಳು, ಸ್ವರ ಅರ್ಧಕ್ಕೆ ಇಳಿದಿತ್ತು.

“ನಿಮ್ಮಿಂದ, ಇಲ್ಲವೇ ನಿಮ್ಮ ಯಜಮಾನರಿಂದ. ಬೇಕಾದರೆ ನಿಮ್ಮದನ್ನೂ ನೋಡುವ. ಸೆಲಿನ್, ಸೂಜಿ ತಾ.”

ಕಮಲಕ್ಕ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. ಆಗ ಪ್ರಮೀಳಾ, “ಬೇಡ ಮೇಡಂ. ಮಾಮಿಗೆ ಸೂಜಿ ಅಂದ್ರೆ ಹೆದರಿಕೆ” ಎಂದಳು. ಅಷ್ಟೇ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ನಾಲ್ಕು ಮಾತು ಆಡುತ್ತಿದ್ದೆ. ಅವಳದು ಒಂದೇ ಸಾಕಾಯಿತು.

ಅಕ್ಕನ ಮಜ್ಜೆ ಹೊಂದಿತು. ದೂರದ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಆ ಮಗು ಎಷ್ಟೋ ತಿಂಗಳು ಇತ್ತು. ಎರಡು ಸಲ ಇನ್ನು ಆಸೆಯಿಲ್ಲ ಎಂಬ ಫೋನ್ ಬಂತು. ಎರಡು ಸಲವೂ ನಾನು ಆ ದಿನ ಯಾವ ವರದಿಗೆ ಸಹಿ ಹಾಕಿದೆ ಎಂದು ನೆನಪಿಲ್ಲ. ಆಮೇಲೆ ಲಿಂಫೋಸೈಟುಗಳು ಬಂದವು. ಮೊದಲು ಒಂದೊಂದಾಗಿ, ಆಮೇಲೆ ಗುಂಪಾಗಿ. ಈಗ ಆ ಹುಡುಗ ಶಾಲೆಗೆ ಹೋಗುತ್ತಾನೆ, ಅಕ್ಕನಿಗೆ ಹೊಡೆಯುತ್ತಾನೆ, “ನಾನು ಕೊಟ್ಟದ್ದನ್ನು ವಾಪಸ್ ಕೊಡು” ಎಂದು ಅವಳಿಂದ ಬೈಸಿಕೊಳ್ಳುತ್ತಾನೆ. ಮೊದಲು ತೀರಿಕೊಂಡವನಿಗೂ ಇದೇ ಇತ್ತಾ ಎಂದು ಪ್ರಮೀಳಾ ಒಮ್ಮೆ ಕೇಳಿದಳು. ಇರಬಹುದು, ಖಚಿತವಾಗಿ ಹೇಳಲು ಅವನ ರಕ್ತ ಯಾರ ಹತ್ತಿರವೂ ಇಲ್ಲ ಎಂದೆ. ಅವಳು ತಲೆಯಾಡಿಸಿದಳು. ನಮ್ಮ ಉದ್ಯೋಗದಲ್ಲಿ ಇಂಥ ಉತ್ತರವನ್ನೂ ಕೊಡಬೇಕಾಗುತ್ತದೆ. ಅದಕ್ಕೆ ಮೆಷಿನ್ ಇಲ್ಲ.

ದೇಜಪ್ಪಣ್ಣ ಬೋರ್ಡು ಹಾಕಿಸಿದ: ‘ಇಲ್ಲಿ ಎರಡೂ ಬಗೆಯ ಎಡಿಎ ಪರೀಕ್ಷೆ ಮಾಡಲಾಗುವುದು’. ಎರಡನೆಯ ಬಗೆಯದನ್ನು ಅವನ ಲ್ಯಾಬು ಈವರೆಗೂ ಮಾಡಿಲ್ಲ. ರವಿರಾಜ ಡಾಕ್ಟರು ಮಾತ್ರ ಅಂದಿನಿಂದ ಕೂಸುಗಳ ರಕ್ತದ ಎಣಿಕೆಯಲ್ಲಿ ಲಿಂಫೋಸೈಟಿನ ಸಾಲಿಗೆ ಕೆಂಪು ಗೆರೆ ಎಳೆದು ಓದತೊಡಗಿದರು. ನನಗೆ ಯಾರೂ ಶಾಲು ಹೊದೆಸಲಿಲ್ಲ. ಹೊದೆಸಿದ್ದರೂ ಇದಕ್ಕಿಂತ ಬೆಚ್ಚಗಿರುತ್ತಿರಲಿಲ್ಲ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ನಾನು ಮೂಡುಬಿದಿರೆಯ ಲ್ಯಾಬಿನಲ್ಲಿದ್ದಾಗ ಕಮಲಕ್ಕ ಬಂದಳು. ಜತೆಗೆ ಬಸುರಿ ಮಗಳು, ಅಳಿಯ, ಅಳಿಯನ ತಾಯಿ. ಗುರುವಾಯನಕೆರೆಯಲ್ಲಿ ಪರಿಚಯದವರು ಜಾಸ್ತಿ, ಅದಕ್ಕೆ ಇಲ್ಲಿಗೆ ಬಂದದ್ದು ಎಂದಳು.

“ಮಗ ಅರ್ಧ ಅಂತ ಗೊತ್ತಾಯ್ತಲ್ಲ. ಮಗಳದ್ದೂ ನೋಡ್ಬೇಕು. ಅಳಿಯನದ್ದೂ ಒಟ್ಟಿಗೇ ನೋಡಿ. ಇಬ್ಬರದ್ದೂ ಸರಿ ಇಲ್ಲ ಅಂತಾದ್ರೆ, ಮಗು ಹುಟ್ಟಿದ ಕೂಡ್ಲೇ ಆ ಬಿಸಿಜಿ ಕೊಡ್ಬಾರದು ಅಂತ ಬರೆದುಕೊಡಿ.”

ನನಗೆ ಇಡೀ ನೌಕರಿ ಹಿಡಿದ ಪಾಠವನ್ನು ಕಮಲಕ್ಕ ಎಷ್ಟೋ ಬೇಗ ಕಲಿತಿದ್ದಳು. ನಾನು ಚೀಟಿ ಬರೆಯತೊಡಗಿದೆ. ಅಳಿಯನ ತಾಯಿ ಕುರ್ಚಿಯಿಂದ ಎದ್ದಳು. “ನಮ್ಮ ಹುಡುಗನ ರಕ್ತ ಎಂತಕ್ಕೆ? ಅವನು ಒಂದು ದಿನ ಜ್ವರ ಅಂತ ಮಲಗಿದವನಲ್ಲ. ನಮ್ಮಲ್ಲಿ ಅಂಥದ್ದು ಯಾರಿಗೂ ಇಲ್ಲ.”

ಕಮಲಕ್ಕ ಅವಳ ಕೈ ಹಿಡಿದು ಮೆಲ್ಲಗೆ ಕೂರಿಸಿದಳು.

“ನಮ್ಮಲ್ಲಿಯೂ ಯಾರಿಗೂ ಇರಲಿಲ್ಲ, ಅಕ್ಕ,” ಎಂದಳು. “ನೋಡುವವರೆಗೆ.”